ಗೂಮ

ನಕಾಶೆಯಲ್ಲಿ ಅದೊಂದು ಕೆಂಪು ಗೆರೆ.
ಕಡಲಿಂದ ಹೊರಟು, ಚಾಲ್ಬಿ ಮರಳುಗಾಡಿನ ಅಂಚು ಸವರಿ
ಗಡಿಯಾಚೆ ಹೋಗುತ್ತದಂತೆ.
ಗೆರೆಯ ಆಚೀಚೆ ಬರೀ ಬಿಳಿ.
ನಾವು ಆ ಬಿಳಿಯಲ್ಲಿದ್ದೆವು.

ನಾನು ದುಭಾಷಿ. ದಿನಕ್ಕೆ ಒಂಬೈನೂರು ಶಿಲ್ಲಿಂಗು,
ಮಧ್ಯಾಹ್ನ ಎರಡು ಚಪಾತಿ, ಒಂದು ಬಾಟಲಿ ನೀರು.
ಗಚೇರು ಸಾಹೇಬರು ನೈರೋಬಿಯವರು, ಕೆಟ್ಟವರಲ್ಲ;
ಜೀಪಿನ ನೆರಳಲ್ಲಿ ಕುರ್ಚಿ ಹಾಕಿಸಿ
ಕೂರಮ್ಮ ಅಂದರು ಬೊಕಾಯೊ ದೊಡ್ಡಮ್ಮನಿಗೆ.
ಆಕೆ ನೆಲದ ಮೇಲೆ ಕೂತಳು.
ಅಷ್ಟೂ ಹೊತ್ತು ನಮ್ಮ ನಡುವೆ ಒಂದು ಖಾಲಿ ಕುರ್ಚಿ.

"ಮನೆ ಎಲ್ಲಿದೆ, ಕೇಳು."
ಕೇಳಿದೆ.
"ಯಾವ ತಿಂಗಳಿನ ಮನೆ?" ಅಂದಳು.
ಬೆಳಗ್ಗೆ ತಾನೇ ಬಿಚ್ಚಿದ್ದಳು ಮನೆಯನ್ನು.
ಬೇರು ಬಾಗಿಸಿದ ಕಮಾನು, ನಾರಿನ ಚಾಪೆ, ತೊಗಲು,
ಅವಳವ್ವ ಹೆಣೆದುಕೊಟ್ಟ ಹಾಲಿನ ಗಿಂಡಿ,
ಎಲ್ಲ ಈಗ ಮುದಿ ಒಂಟೆಯೊಂದರ ಬೆನ್ನ ಮೇಲೆ.
ಒಂಟೆ ಮೆಲುಕು ಹಾಕುತ್ತಿತ್ತು.
ಮನೆ ಮೆಲ್ಲಗೆ ಏರುತ್ತ ಇಳಿಯುತ್ತ ಉಸಿರಾಡುತ್ತಿತ್ತು.

ಫಾರಮ್ಮಿನ ನಾಲ್ಕನೇ ಸಾಲು: ಕಾಯಂ ಕಟ್ಟಡ. ಇಲ್ಲ.
ಐದು: ನೆಟ್ಟ ಮರ.
ಮರ ಇದ್ದವು, ಯಾರೂ ನೆಟ್ಟದ್ದಲ್ಲ. ಇಲ್ಲ.
ಆರು: ಬೇಲಿ.
ಮುಳ್ಳುಕಂಟಿ ಇದೆ ಅಂದಳು, ಹೋದ ಬೇಸಗೆಯದು,
ಹಾಗೇ ಬಿಟ್ಟು ಬಂದೆವು,
ದಾರಿಯಲ್ಲಿ ಬಂದವರ ಮಂದೆಗೂ ಆಗಲಿ ಅಂತ.
ಅದನ್ನು ಅವರು ಬರೆದುಕೊಳ್ಳಲಿಲ್ಲ.
ಏಳು: ಜಾನುವಾರು ಎಷ್ಟು?
ದೊಡ್ಡಮ್ಮ ಆಕಾಶ ನೋಡಿದಳು. ಎಣಿಸಿ ಬಾಯಲ್ಲಾಡಿದರೆ
ದೃಷ್ಟಿ ತಾಗುತ್ತದೆ ಅಂತ ನಾನು ಹೇಗೆ ಹೇಳಲಿ?
"ಇವೆ ಅನ್ನುತ್ತಾಳೆ, ಸರ್."
"ಇವೆ ಅನ್ನುವುದು ಸಂಖ್ಯೆಯಲ್ಲಮ್ಮ" ಅಂದರು.
ಇಬ್ಬರೂ ನಕ್ಕೆವು. ನಾನು ಯಾಕೆ ನಕ್ಕೆನೋ.

ಬಾವಿ ಮಾತ್ರ ಸಿಕ್ಕಿತು ಲೆಕ್ಕಕ್ಕೆ.
ಗೆರೆ ಹೋಗಿದ್ದು ಅದರ ಬಾಯಿಯ ಮೇಲೇ.
ಆಳ?
ಏಳಾಳು ಆಳ. ತಳದವನು ಮೊಗೆದದ್ದು ಮೇಲಿನವನ ಕೈಗೆ,
ಅವನಿಂದ ಅವನ ಮೇಲಿನವನಿಗೆ,
ನಡುವೆ ಒಬ್ಬ ಹಾಡು ಬಿಟ್ಟರೆ ನೀರೂ ನಿಲ್ಲುತ್ತದೆ.
"ಮೀಟರಿನಲ್ಲಿ ಹೇಳು."
ಹನ್ನೆರಡು, ಅಂದೆ.
ಅಗೆದವರ ಹೆಸರು?
ದೊಡ್ಡಮ್ಮ ಶುರುಮಾಡಿದಳು: ಮೋಲು,
ಮೋಲುವಿನಪ್ಪ ಕಟೇಲೊ, ಅವನಪ್ಪ ತೂಕೆ, ತೂಕೆಯ ಅಣ್ಣ...
ಸಾಲಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು.

ಆಮೇಲೆ ಬಂತು ಆ ಮಾತು.
"ಪರಿಹಾರ ಸಿಗುತ್ತದೆ, ಹೇಳು. ನ್ಯಾಯವಾದ ಪರಿಹಾರ."
ನಮ್ಮ ನುಡಿಯಲ್ಲಿ ನನಗೆ ಹೊಳೆದದ್ದು ಒಂದೇ ಪದ.
ಗೂಮ.
ಕೊಂದವರ ಕಡೆಯವರು
ಸತ್ತವರ ಕಡೆಗೆ ಹೊಡೆದುಕೊಂಡು ಬರುವ ದನ.
ಅಂದುಬಿಟ್ಟೆ.
ದೊಡ್ಡಮ್ಮ ತಟ್ಟನೆ ಎದ್ದು ನಿಂತಳು.
"ಯಾರು ಸತ್ತದ್ದು?"

ಗಾಳಿ. ಹಾಳೆ ಪಟಪಟ.
"ಏನಂತೆ?" ಅಂದರು ಸಾಹೇಬರು.
ಎರಡು ಭಾಷೆ ಬಲ್ಲ ನಾಲಿಗೆ ಎರಡರಲ್ಲೂ ಒಣಗಿತ್ತು.
"ಎಷ್ಟು ಅಂತ ಕೇಳುತ್ತಿದ್ದಾಳೆ."
ಅವರು ಒಂದು ಸಂಖ್ಯೆ ಹೇಳಿದರು, ಬಾವಿಯ ಬಾಬ್ತು.
ಹಣ ಕೌಂಟಿ ಕಚೇರಿಯಲ್ಲಿ ಭದ್ರವಾಗಿರುತ್ತದೆ,
ನೆಲ ನಿಮ್ಮ ಹೆಸರಿಗೆ ನೋಂದಣಿಯಾದ ದಿನ ನಿಮ್ಮ ಕೈಗೆ.
ಅದನ್ನು ಚೊಕ್ಕವಾಗಿ ದಾಟಿಸಿದೆ, ಒಂದಕ್ಷರ ಬಿಡದೆ.

"ಗೂಮಕ್ಕೆ ಒಂದು ಕ್ರಮ ಇದೆ, ಮಗಾ" ಅಂದಳು ದೊಡ್ಡಮ್ಮ.
"ಮೊದಲು ಕೊಂದವನು ಎದುರು ಬಂದು
ನಾನು ಕೊಂದೆ ಅನ್ನಬೇಕು.
ದನ ಆಮೇಲೆ."
ಹೇಳು ಅನ್ನುವ ಹಾಗೆ ನನ್ನನ್ನೇ ನೋಡಿದಳು.

"ಹೊತ್ತಾಯಿತು ಅನ್ನುತ್ತಾಳೆ, ಸರ್."

ಮೂರು ವರ್ಷ. ರಸ್ತೆ ನುಣ್ಣಗಿದೆ.
ಮಾರ್ಸಬಿತ್ ಆಸ್ಪತ್ರೆಗೆ ಈಗ ಎರಡೇ ತಾಸು;
ನನ್ನ ಹೆರಿಗೆಗೂ ಅದೇ ದಾರಿಯಾಯಿತು, ಸುಳ್ಳು ಹೇಳಲಾರೆ.
ಹಣದ ಸುದ್ದಿ ಇಲ್ಲ.
ಬೇಸಗೆಯಲ್ಲಿ ಮಂದೆ ಹೊಡೆದುಕೊಂಡು ಬಂದರೆ
ಮುದಿ ಒಂಟೆ ಡಾಂಬರಿನ ಮೇಲೆ ಅದೇ ಜಾಗಕ್ಕೆ ಹೋಗಿ
ಮೂಗು ತಗ್ಗಿಸಿ ನಿಲ್ಲುತ್ತದೆ,
ಕೆಳಗಿನಿಂದ ಯಾರೋ ಎತ್ತಿಕೊಡುತ್ತಾರೆ ಅನ್ನುವಂತೆ.
ಲಾರಿಯವನು ಹಾರನ್ನು ಒತ್ತುತ್ತಾನೆ, ಒತ್ತುತ್ತಲೇ ಇರುತ್ತಾನೆ.
ಅದು ಜಗ್ಗುವುದಿಲ್ಲ.
ನಾನೂ ಓಡಿಸಲು ಹೋಗುವುದಿಲ್ಲ.